ಅಜ್ಜಿಗೆ ಫೋನ್ ಮಾಡುವ ಪಾಠ

ನಾನು ಯಾರಿಗಾದರೂ ಉಪಕಾರ ಮಾಡಲು ಹೊರಟರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ದಾವಣಗೆರೆಯಲ್ಲಿ ಆಗುತ್ತಿತ್ತು. ಓದಲೆಂದು ಡಚ್ಚರ ನಾಡಿನ ಟಿಲ್‌ಬರ್ಗ್‌ಗೆ ಬಂದ ಮೇಲೂ ಆಯಿತು, ಅದೂ ಕೊರೊನಾ ಕಾಲದಲ್ಲಿ.

ಕೂತಲ್ಲೇ ಸೇವೆ

ಯೂನಿವರ್ಸಿಟಿಯಲ್ಲಿ ನಮಗೊಂದು ಕೋರ್ಸ್ ಇತ್ತು. ಅರ್ಧ ಪಾಠ ಕ್ಲಾಸಿನಲ್ಲಿ, ಇನ್ನರ್ಧ ಊರಿನ ಜನರ ಜೊತೆ. ಸೇರಿದ ವಾರವೇ ಲಾಕ್‌ಡೌನ್. ಪ್ರೊಫೆಸರ್ ಆನ್‌ಲೈನ್‌ನಲ್ಲಿ ಬಂದು, "ಎಲ್ಲರೂ ಜನರ ಜೊತೆ ಬೆರೆಯಬೇಕು," ಅಂದರು.

"ಸರ್, ಮನೆ ಬಿಟ್ಟು ಹೋಗಬಾರದಂತಲ್ಲ?" ಅಂತ ಕೇಳಿದೆ.

ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಕೂತಲ್ಲೇ ಬೆರೆಯಿರಿ," ಅಂದರು.

ಗುರುವಾರ ಆಗುತ್ತಾ?

ಬಡಾವಣೆಯ ಸಮುದಾಯ ಭವನದವರು ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಹಿರಿಯರನ್ನು ಗೊತ್ತುಮಾಡಿದರು. ವಾರವಾರ ಫೋನಿನಲ್ಲಿ ಮಾತಾಡಬೇಕು. ನನ್ನ ಪಾಲಿಗೆ ಬಂದವರು ಒಬ್ಬರೇ ವಾಸವಿದ್ದ ಒಬ್ಬ ಅಜ್ಜಿ. ಹರಕುಮುರುಕು ಡಚ್ ಬಾಯಿಪಾಠ ಮಾಡಿಕೊಂಡು ಫೋನ್ ಹಚ್ಚಿದೆ.

"ನಾಳೆ ಮಧ್ಯಾಹ್ನ ಮಾತಾಡೋಣವೇ?"

"ನಾಳೆ ಮಗಳ ವಿಡಿಯೋ ಕಾಲ್ ಇದೆ. ನಾಡಿದ್ದು ಕಂಪ್ಯೂಟರಿನಲ್ಲಿ ಇಸ್ಪೀಟು. ಆಮೇಲೆ ಹೊಲಿಗೆ ಗುಂಪು." ಡೈರಿಯ ಪುಟ ತಿರುವುವ ಸದ್ದು ಕೇಳಿಸಿತು. "ಮುಂದಿನ ಗುರುವಾರ ನಿನಗೆ ಬಿಡುವಿದೆಯಾ?"

ನಾನು ನನ್ನ ರೂಮಿನ ನಾಲ್ಕು ಗೋಡೆ ನೋಡಿದೆ. ಬಿಡುವಿತ್ತು.

ಖಾರದ ಲೆಕ್ಕ

ಲಾಕ್‌ಡೌನ್ ಸ್ವಲ್ಪ ಸಡಿಲವಾದಾಗ ಚಿತ್ರಾನ್ನ ಮಾಡಿ ಸೈಕಲ್ಲಿನಲ್ಲಿ ಒಯ್ದೆ. ಬಾಗಿಲ ಮುಂದೆ ಡಬ್ಬಿ ಇಟ್ಟು, ಬೆಲ್ ಒತ್ತಿ, ಒಂದೂವರೆ ಮೀಟರ್ ಹಿಂದೆ ಸರಿದು ನಿಂತೆ.

"ಖಾರ ಇದೆಯಾ?" ಅಂದರು ಅಜ್ಜಿ.

"ಇಲ್ಲವೇ ಇಲ್ಲ," ಅಂದೆ. ದಾವಣಗೆರೆಯ ಲೆಕ್ಕದಲ್ಲಿ ಅದು ಸುಳ್ಳಲ್ಲ.

ಸಂಜೆ ಫೋನ್ ಬಂತು. "ನೆಗಡಿಯಾಗಿತ್ತು. ಕೊರೊನಾ ಬಂದು ನಾಲಿಗೆ ರುಚಿ ಹೋಯಿತೇನೋ ಅಂತ ಹೆದರಿದ್ದೆ. ಹೋಗಿಲ್ಲ." ನೀರು ಕುಡಿದ ಸದ್ದು. "ಖಂಡಿತ ಹೋಗಿಲ್ಲ."

ಕೊನೆಯ ಕ್ಲಾಸು

ಆಮೇಲೆ ಅವರೇ ಫೋನ್ ಮಾಡತೊಡಗಿದರು. ಊಟ ಆಯಿತಾ, ಇವತ್ತಾದರೂ ಹೊರಗೆ ಒಂದು ಸುತ್ತು ಹೋಗಿಬಂದೆಯಾ, ಧ್ವನಿ ಯಾಕೆ ಹಾಗಿದೆ. ಪಾಪ, ಎಷ್ಟು ಒಂಟಿ ಜೀವ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಚಳಿಗಾಲದಲ್ಲಿ ಆ ಫೋನಿಗೆ ನಾನೂ ಕಾಯುತ್ತಿದ್ದೆ.

ಕೊನೆಯ ಆನ್‌ಲೈನ್ ಕ್ಲಾಸಿಗೆ ಹಿರಿಯರನ್ನೂ ಕರೆದಿದ್ದರು. ಪ್ರೊಫೆಸರ್ ಅಜ್ಜಿಯನ್ನು ಕೇಳಿದರು, "ಈ ಹುಡುಗಿಯ ಫೋನಿನಿಂದ ನಿಮ್ಮ ಒಂಟಿತನ ಕಡಿಮೆಯಾಯಿತೇ?"

ಅಜ್ಜಿಗೆ ಆಶ್ಚರ್ಯ. "ನನ್ನದಾ? ನಾನಿಲ್ಲಿ ಸೇವೆಗೆ ಸೇರಿದವಳು. ಪರದೇಶದ ಮಕ್ಕಳು ರೂಮಿನಲ್ಲಿ ಒಬ್ಬೊಬ್ಬರೇ ಇದ್ದಾರೆ, ಮಾತಾಡಿಸಿ ಅಂತ ಸಮುದಾಯ ಭವನದವರು ಹೇಳಿದ್ದರು."

ಪ್ರೊಫೆಸರ್ ನನ್ನ ಕಡೆ ನೋಡಿದರು. ನಾನು ಮೆಲ್ಲಗೆ ಕ್ಯಾಮೆರಾ ಆಫ್ ಮಾಡಿದೆ.

"ಮೊದಮೊದಲು ತೀರಾ ಸಪ್ಪಗಿದ್ದಳು," ಅಜ್ಜಿ ಮುಂದುವರಿಸಿದರು. "ಈಗ ಚೆನ್ನಾಗಿ ನಗುತ್ತಾಳೆ. ಇವಳದು ಮುಗಿಯಿತು. ಮುಂದಿನವರು ಯಾರು?"