ವಾಷಿಂಗ್ ಮಷೀನಿನ ಎಡ ಸೊಂಟ

ಗುಟ್ಟು ಕಾಪಾಡುವುದರಲ್ಲಿ ಮೇಟ್ರನಮ್ಮನಿಗೆ ಸರಿಸಾಟಿ ಯಾರೂ ಇಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳನ್ನು ಆಳಿದ ಹೆಂಗಸು! ಡಾಕ್ಟರುಗಳ ಜಗಳ, ನರ್ಸುಗಳ ಪ್ರೇಮ, ರೋಗಿಗಳ ಉಯಿಲು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಒಂದು ತೇಗೂ ಬಿಟ್ಟವರಲ್ಲ. ಅಂಥವರಿಗೆ ಐವತ್ತೇಳನೆಯ ವಯಸ್ಸಿನಲ್ಲಿ ಆ ಹೊಟ್ಟೆಯೇ ಒಂದು ಗುಟ್ಟಾಗಿಬಿಟ್ಟರೆ ಬಚ್ಚಿಡುವುದು ಏನು ಮಹಾ? "ಈ ಮನೆಯ ಇರುವೆಗೂ ಗೊತ್ತಾಗಬಾರದು" ಎಂದು ಕನ್ನಡಿಯ ಮುಂದೆ ನಿಂತು ಸಂಕಲ್ಪ ಮಾಡಿದರು. ಇರುವೆಗಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಅಷ್ಟರ ಮಟ್ಟಿಗೆ ಸಂಕಲ್ಪ ಗಟ್ಟಿ.

ಆದದ್ದು ಇಷ್ಟೇ. ಸೊಂಟ ನೋವಿಗೆ ವ್ಯಾಯಾಮ ಮಾಡಿ ಎಂದು ಡಾಕ್ಟರು ಒಂದು ವಿಳಾಸ ಕೊಟ್ಟಿದ್ದರು. ಬೆನ್ನಿನ ವ್ಯಾಯಾಮದ ತರಗತಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಮೇಟ್ರನಮ್ಮ ತೆರೆದದ್ದು ಮೂರನೆಯ ಮಹಡಿಯ ಬಾಗಿಲನ್ನು. ಒಳಗೆ ಹತ್ತು ಹೆಂಗಸರು ಸೊಂಟ ಆಡಿಸುತ್ತಿದ್ದರು. ಸೊಂಟಕ್ಕೆ ತಾನೇ ಚಿಕಿತ್ಸೆ, ಸರಿಯಾಗೇ ಇದೆ ಎಂದು ಇವರೂ ಸಾಲಿನಲ್ಲಿ ನಿಂತರು. ಮುಕ್ಕಾಲು ಗಂಟೆ ಕಳೆದು ಬೆವರು ಒರೆಸಿಕೊಳ್ಳುವಾಗ ಪಕ್ಕದವಳು ಹೇಳಿದಳು, ಇದು ಬೆಲ್ಲಿ ಡಾನ್ಸ್ ಅಂತ. ಬೇರೆಯವರಾಗಿದ್ದರೆ ನಾಲಿಗೆ ಕಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಆದರೆ ಮೇಟ್ರನಮ್ಮ ತಪ್ಪು ಬಾಗಿಲು ತೆರೆದರೆ ತಪ್ಪು ಬಾಗಿಲಿನದೇ ಹೊರತು ಅವರದಲ್ಲ. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಅವರಿಗೆ ಖುಷಿಯಾಗಿತ್ತು. ಮೂವತ್ತನಾಲ್ಕು ವರ್ಷ ಯೂನಿಫಾರ್ಮಿನ ಬೆಲ್ಟಿನಡಿ ಬಿಗಿದಿಟ್ಟಿದ್ದ ಹೊಟ್ಟೆ ಅವತ್ತು ಮೊದಲ ಸಲ ಉಸಿರಾಡಿತ್ತು. ಮಾರನೆಯ ವಾರ ಝಲ್ಲೆನ್ನುವ ಮುನ್ನೂರು ಪುಟ್ಟ ಲೋಹದ ಬಿಲ್ಲೆಗಳಿರುವ ಸೊಂಟಪಟ್ಟಿಯೊಂದು ಮನೆಗೆ ಬಂತು, ಬ್ಯಾಂಡೇಜಿನ ಡಬ್ಬದೊಳಗೆ.

ಹೆಜ್ಜೆಗಳೆಲ್ಲ ಚೆನ್ನಾಗಿಯೇ ಬಂದವು. ಟೀಚರಿಗೆ ಒಂದೇ ತಕರಾರು. ಆ ಹುಡುಗಿ ಮೇಟ್ರನಮ್ಮನ ಮಗಳಿಗಿಂತ ಚಿಕ್ಕವಳು, ಆದರೂ ಪ್ರತಿ ತರಗತಿಯಲ್ಲಿ ಅದನ್ನೇ ಹೇಳುತ್ತಿದ್ದಳು: ಎಡ ಸೊಂಟ ತಡ, ಮೇಡಂ. ಮೇಟ್ರನಮ್ಮ ಕೆಳಗೆ ನೋಡಿ, ಇಲ್ಲಿ ನೆಲ ಸ್ವಲ್ಪ ಡೊಂಕಿದೆ ಎಂದರು. ಕುಣಿಯಲಾರದವಳ ಗಾದೆಯನ್ನು ಸ್ವತಃ ಬಾಳಿ ತೋರಿಸಿದವರನ್ನು ಕಂಡು ಟೀಚರು ಗೋಡೆ ಕಡೆ ತಿರುಗಿ ತುಂಬ ಹೊತ್ತು ಕೆಮ್ಮಿದಳು.

ಗಂಡನಿಗೆ ಹೇಳುವುದಕ್ಕೇನಾಗಿತ್ತು? ಆಗಿತ್ತು. ಹತ್ತು ವರ್ಷದ ಹಿಂದೆ ಯಾರದೋ ಬೀಳ್ಕೊಡುಗೆಯ ಪಾರ್ಟಿಯಲ್ಲಿ ಅವರು ಹಾಡು ಕೇಳಿ ಕುಣಿಯಲು ಎದ್ದಿದ್ದರು. ಮೇಟ್ರನಮ್ಮ ಶರ್ಟು ಹಿಡಿದು ಎಳೆದು ಕೂರಿಸಿದ್ದರು. "ಈ ವಯಸ್ಸಲ್ಲಿ ಕುಣಿತಾನಾ? ಜನ ನಗ್ತಾರೆ ರೀ." ಎಳೆದ ರಭಸಕ್ಕೆ ಗುಂಡಿ ಕಿತ್ತು ಬಂದಿತ್ತು. ಅವತ್ತಿನಿಂದ ಆ ಮನುಷ್ಯ ಮದುವೆ ಮನೆಯಲ್ಲಿ ಕಾಲಿನ ಬೆರಳೂ ಆಡಿಸಿದವರಲ್ಲ. ಆಡಿದ ಮಾತನ್ನು ಈಗ ತಾವೇ ನುಂಗಬೇಕೆಂದರೆ ಮೇಟ್ರನಮ್ಮನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಗಂಡ ಸಾಮಾನ್ಯರೂ ಅಲ್ಲ. ನೂಲಿನ ಗಿರಣಿಯಲ್ಲಿ ಮೂವತ್ತಾರು ವರ್ಷ ಫೋರ್‌ಮನ್ ಆಗಿದ್ದವರು. ಯಂತ್ರಕ್ಕೆ ಕಿವಿಯಿಟ್ಟು, ಯಾವ ಹಲ್ಲು ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಕಿವಿ ಉಳಿಯಿತು, ಗಿರಣಿ ಉಳಿಯಲಿಲ್ಲ. ಹಾಗಾಗಿ ಫ್ಯಾನು, ಫ್ರಿಜ್ಜು, ಪಕ್ಕದ ಮನೆಯವರ ಸ್ಕೂಟರು ಎಲ್ಲಕ್ಕೂ ಕಾಯಿಲೆ ಹುಡುಕುತ್ತಾ ಮುಂದಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು.

ಇಂಥ ಕಿವಿಯ ಪಕ್ಕದಲ್ಲಿ ಮುನ್ನೂರು ಬಿಲ್ಲೆ ಕುಣಿಸುವುದು ಹೇಗೆ? ಮೇಟ್ರನಮ್ಮನ ತಲೆ ಓಡಿತು. ಹಿಂದಿನ ಕೋಣೆಯ ಗೋಡೆಗೆ ಹೊರಗಡೆಯಿಂದ ಅಂಟಿಕೊಂಡೇ ವಾಷಿಂಗ್ ಮಷೀನು ಇತ್ತು. ಡ್ಯೂಟಿ ಮುಗಿಸಿ ಬಂದು, ನಾಲ್ಕು ಗಂಟೆಗೆ ಅದನ್ನು ಹಾಕಿ, "ಬೆನ್ನಿನ ವ್ಯಾಯಾಮ" ಎಂದು ಬಾಗಿಲ ಚಿಲಕ ಹಾಕಿಕೊಂಡರೆ ಮುಗಿಯಿತು. ದಿನಾ ಒಗೆಯಲು ಬಟ್ಟೆ ಎಲ್ಲಿಂದ ಬರಬೇಕು? ಒಗೆದದ್ದನ್ನೇ ಒಗೆದರು. ಎರಡು ತಿಂಗಳಲ್ಲಿ ಫೋರ್‌ಮನ್ನರ ನೀಲಿ ಶರ್ಟುಗಳೆಲ್ಲ ಬೆಳ್ಳಗಾದವು.

ಮೊದಲು ಸುಮ್ಮನಿದ್ದ ಫೋರ್‌ಮನ್ನರು ಒಂದು ದಿನ ಕಾಫಿ ಲೋಟ ಕೆಳಗಿಟ್ಟರು. ಮಷೀನಿನೊಳಗೆ ಏನೋ ಝಲ್ ಝಲ್ ಅನ್ನುತ್ತಿದೆ, ಬೇರಿಂಗು ಹೋಗಿರಬೇಕು ಎಂದರು. ಮಾರನೆಯ ದಿನ ಇನ್ನೂ ನಿಖರವಾಗಿ ಹೇಳಿದರು. "ಬಲಗಡೆ ಸರಿ ಇದೆ ಕಣೇ. ಎಡಗಡೆ ಒಂಚೂರು ತಡ ಆಗಿ ಬರ್ತಿದೆ."

ಮೇಟ್ರನಮ್ಮನಿಗೆ ಎದೆ ಧಸಕ್ಕೆಂದಿತು. ಮೂರನೆಯ ಮಹಡಿಯ ದೂರು ಮನೆಯವರೆಗೂ ಬಂದುಬಿಟ್ಟಿತ್ತಲ್ಲ! ಆದರೂ ಮುಖ ಬಿಗಿಹಿಡಿದು, ಹಳೇ ಮಷೀನು, ಇರಲಿ ಬಿಡಿ ಎಂದರು. ಸದ್ದು ಹುಡುಕಿಕೊಂಡು ಫೋರ್‌ಮನ್ನರು ಮಷೀನಿನ ಹತ್ತಿರ ಬಂದಾಗೆಲ್ಲ ಇವರು ಒಳಗೆ ಅವರ ಚಪ್ಪಲಿ ಸಪ್ಪಳ ಕೇಳಿ ಕಲ್ಲಾಗಿ ನಿಲ್ಲುತ್ತಿದ್ದರು, ಸದ್ದು ಮಾಯವಾಗುತ್ತಿತ್ತು. ಡಾಕ್ಟರನ್ನು ಕಂಡ ಕೂಡಲೇ ವಾಸಿಯಾಗುವ ಹೊಟ್ಟೆನೋವಿನಂತೆ ಇದು ಎಂದು ಫೋರ್‌ಮನ್ನರು ಹಲ್ಲು ಕಡಿದರು. ಗೋಡೆಯಾಚೆ ಇದ್ದ ಹೆಂಡತಿಯ ಮೇಲೆ ಅವರಿಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ರಬ್ಬರ್ ಚಪ್ಪಲಿ ಹಾಕಿಕೊಂಡು ಬೆಕ್ಕಿಗಿಂತ ಮೆಲ್ಲಗೆ ಓಡಾಡುವ, ಊರಿಗೆಲ್ಲ "ಸದ್ದು!" ಎಂದು ಗದರಿಸುವ ಮೇಟ್ರನಮ್ಮನಿಂದ ಸದ್ದು ಬರುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಭಾನುವಾರ ಡಾನ್ಸ್ ತರಗತಿಯವರ ಪ್ರದರ್ಶನ. ಬುಧವಾರ ಡ್ಯೂಟಿಯಿಂದ ಬಂದು ನೋಡಿದರೆ ಮಷೀನು ಮಷೀನಾಗಿ ಉಳಿದಿರಲಿಲ್ಲ. ಹಳೇ ಬೆಡ್‌ಶೀಟಿನ ಮೇಲೆ ಅಂಗಾಂಗಗಳೆಲ್ಲ ಸಾಲಾಗಿ ಮಲಗಿದ್ದವು. ಹೊಸ ಬೇರಿಂಗು ತರಲು ಫೋರ್‌ಮನ್ನರು ಅಂಗಡಿಗೆ ಹೋಗಿದ್ದರು. ಮನೆ ಖಾಲಿ. ಮೇಟ್ರನಮ್ಮನಿಗೆ ಇನ್ನೇನು ಬೇಕು? ಚಿಲಕ ಹಾಕಿದರು, ಪಟ್ಟಿ ಕಟ್ಟಿದರು, ಮೈಮರೆತು ಕುಣಿದರು. ಅರ್ಧ ಗಂಟೆ ಮನೆಯೆಲ್ಲ ಝಲ್ ಝಲ್. ಹೊಟ್ಟೆ ಅಲೆಯಂತೆ ಏಳುತ್ತಿತ್ತು, ಇಳಿಯುತ್ತಿತ್ತು. ನನ್ನಂಥವಳು ಯಾರಿದ್ದಾರೆ ಎನ್ನಿಸಿತು ಅವರಿಗೆ. ಆಸ್ಪತ್ರೆಗೆ ಆಸ್ಪತ್ರೆಯೇ ಬಂದು ನೋಡಬೇಕಿತ್ತು.

ಬಾಯಾರಿಕೆಯಾಗಿ ಬಾಗಿಲನ್ನು ಒಂದಿಷ್ಟು ತೆರೆದವರು ಅಲ್ಲೇ ನಿಂತರು. ಬಿಡಿಭಾಗಗಳ ನಡುವೆ ನೆಲದ ಮೇಲೆ ಫೋರ್‌ಮನ್ನರು ಕೂತಿದ್ದರು. ಯಾವಾಗ ಬಂದರೋ! ಎರಡೂ ಕೈ ಕಿವಿಗಳ ಮೇಲಿದ್ದವು.

"ಬಿಚ್ಚಿಟ್ಟ ಮಷೀನು ಸದ್ದು ಮಾಡ್ತಿದೆ ಕಣೇ," ಎಂದರು, ತಲೆಯೆತ್ತದೆ. "ಮಷೀನು ಸರಿಯಾಗೇ ಇತ್ತು. ನನ್ನ ಕಿವೀನೇ ಹೋಗಿರೋದು. ಇದೊಂದಿತ್ತು ನನ್ನ ಹತ್ರ. ನಾಳೆ ನಿಮ್ಮ ಆಸ್ಪತ್ರೆಲಿ ಕಿವಿ ಡಾಕ್ಟರಿಗೆ ಒಂದು ಚೀಟಿ ಮಾಡಿಸಿಬಿಡು."

ಮೇಟ್ರನಮ್ಮ ಎಷ್ಟೋ ಸಾವು ನೋಡಿದವರು, ಕಣ್ಣು ಒದ್ದೆಯಾಗದ ಹೆಂಗಸು ಎಂದು ಹೆಸರು ಪಡೆದವರು. ಆದರೆ ಆ ಬೆಳ್ಳಗಾದ ನೀಲಿ ಶರ್ಟಿನಲ್ಲಿ ಕುಗ್ಗಿ ಕೂತ ಗಂಡನನ್ನು ಕಂಡು ಅವರಿಗೆ ದುಃಖ ಒತ್ತರಿಸಿ ಬಂತು. ಈ ಶರ್ಟು ಹಿಡಿದು ಒಂದು ಸಲ ಕೂರಿಸಿದ್ದು ಸಾಲದೆಂದು ಈಗ ಪೂರ್ತಿ ನೆಲಕ್ಕೇ ಕೂರಿಸಿದೆನಲ್ಲ! ಬಾಗಿಲನ್ನು ಪೂರ್ತಿ ತೆರೆದು, ಪಟ್ಟಿಯ ಸಮೇತ ಹೊರಗೆ ಬಂದು ನಿಂತರು.

"ನಿಮ್ಮ ಕಿವಿಗೆ ಏನೂ ಆಗಿಲ್ಲ ರೀ. ಆ ಸದ್ದು ನಾನು," ಎಂದರು. "ಈ ವಯಸ್ಸಲ್ಲಿ ಕುಣಿತಿದೀನಿ. ತಪ್ಪು ನನ್ನದು."

ಮೂವತ್ತು ವರ್ಷದ ಸಂಸಾರದಲ್ಲಿ ಆ ಕೊನೆಯ ಎರಡು ಪದ ಫೋರ್‌ಮನ್ನರ ಕಿವಿಗೆ ಬಿದ್ದದ್ದು ಅದೇ ಮೊದಲು. ಕಿವಿ ನಿಜಕ್ಕೂ ಸರಿಯಿದೆಯೇ ಎಂದು ಅವರಿಗೆ ಮತ್ತೆ ಅನುಮಾನ ಬಂದಿರಬೇಕು. ತುಂಬ ಹೊತ್ತು ಪಟ್ಟಿಯನ್ನೇ ನೋಡಿದರು. ನಗುತ್ತಾರೆ, ಗುಂಡಿಯ ಮಾತೆತ್ತುತ್ತಾರೆ ಎಂದು ಮೇಟ್ರನಮ್ಮ ಕಾದರು. ಫೋರ್‌ಮನ್ನರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಎಲ್ಲಿ, ಇನ್ನೊಂದು ಸಲ ಮಾಡು."

ಮಾಡಿದರು. ಎಡಗಡೆ ತಡ, ಎಂದರು ಫೋರ್‌ಮನ್ನರು. ಮತ್ತೆ ಮಾಡಿದರು. ಈಗ ಅರ್ಧ ತಡ. ನೆಲ ಡೊಂಕು ಎನ್ನಲು ಬಾಯಿ ತೆರೆದ ಮೇಟ್ರನಮ್ಮ ಸುಮ್ಮನಾದರು, ಯಾಕೆಂದರೆ ಆ ನೆಲಕ್ಕೆ ಮಟ್ಟಗೋಲಿಟ್ಟು ಟೈಲ್ಸ್ ಹಾಕಿದ್ದು ಫೋರ್‌ಮನ್ನರೇ. ಭಾರ ಬಲಗಾಲಿನ ಮೇಲೆ ನಿಂತುಬಿಡುತ್ತಿದೆ, ಬೇಗ ಬದಲಿಸು ಎಂದು ಅವರು ತಿದ್ದಿದರು. ಗುರುವಾರ, ಶುಕ್ರವಾರ, ಶನಿವಾರ ಇದೇ ಪಾಠ. ಕಿವಿ ಡಾಕ್ಟರ ಮಾತೇ ಬರಲಿಲ್ಲ. ಮಷೀನನ್ನೂ ನಡುನಡುವೆ ಜೋಡಿಸಿದರು.

ಭಾನುವಾರ ವೇದಿಕೆಯ ಮೇಲೆ ಮೇಟ್ರನಮ್ಮ ಕುಣಿದದ್ದನ್ನು ಏನೆಂದು ಹೇಳಲಿ! ಮನೆಯಲ್ಲಿ ಗುಟ್ಟು ಬಯಲಾದ ಮೇಲೆ ಇನ್ನೇನೆಂದು ಅವರೇ ಕರೆದಿದ್ದ ಆಸ್ಪತ್ರೆಯ ನರ್ಸುಗಳು ಬೆಂಚಿನ ಮೇಲೆ ಹತ್ತಿ ನಿಂತು ಶಿಳ್ಳೆ ಹೊಡೆದರು. ಬಲ, ಎಡ, ಬಲ, ಎಡ, ಒಂದು ಕೂದಲೆಳೆಯೂ ಆಚೀಚೆಯಾಗಲಿಲ್ಲ. ಮೊದಲ ಸಾಲಿನಲ್ಲಿ ಫೋರ್‌ಮನ್ನರು ಕಣ್ಣು ಮುಚ್ಚಿಕೊಂಡು, ತಲೆ ಓರೆ ಮಾಡಿಕೊಂಡು ಕೂತಿದ್ದರು. ಅವರ ಬಲಗಾಲಿನ ಹೆಬ್ಬೆರಳು ಚಪ್ಪಲಿಯಲ್ಲಿ ಕುಣಿಯುತ್ತಿತ್ತು. ಅದನ್ನು ಮೇಟ್ರನಮ್ಮ ವೇದಿಕೆಯಿಂದಲೇ ಕಂಡರು, ಅವರಿಗೆ ಚಪ್ಪಾಳೆಗಿಂತ ಅದೇ ದೊಡ್ಡದಾಗಿ ಕಂಡಿತು.

ಪ್ರದರ್ಶನ ಮುಗಿದಾಗ ಟೀಚರು ಓಡಿಬಂದು, ಮೂರು ತಿಂಗಳು ನಾನು ಬಾಯಿ ಬಡಿದುಕೊಂಡರೂ ಆಗದ ಎಡ ಸೊಂಟ ಮೂರೇ ದಿನದಲ್ಲಿ ಹೇಗೆ ಸರಿಹೋಯಿತು ಎಂದು ಕೇಳಿದಳು. ಸುತ್ತ ನರ್ಸುಗಳ ಗುಂಪು. ಮೇಟ್ರನಮ್ಮ ಗದ್ದ ಎತ್ತಿದರು. ಪ್ರತಿಭೆ ಎಂಬ ಪದ ನಾಲಿಗೆಯ ತುದಿಗೆ ಬಂದಿತ್ತು.

"ರಿಪೇರಿ ನಂದೇ," ಎಂದು ಹಿಂದಿನಿಂದ ಫೋರ್‌ಮನ್ನರು ಮುಂದೆ ಬಂದರು. ಜೇಬಿಗೆ ಕೈಹಾಕಿ ಏನನ್ನೋ ತೆಗೆದು, ಅಂಗೈ ಚಾಚಿ ಎಲ್ಲರಿಗೂ ತೋರಿಸಿದರು. "ಆದ್ರೆ ಜೋಡಿಸಿದ ಮೇಲೆ ಐದು ಸ್ಕ್ರೂ ಉಳ್ಕೊಂಡಿವೆ. ಎಲ್ಲಿಯವು ಅಂತ ಮಾತ್ರ ಗೊತ್ತಾಗ್ತಿಲ್ಲ."

ಗುಂಪು ಹೋ ಎಂದಿತು. "ಸದ್ದು!" ಎಂದು ಗದರಿಸಲು ಹೊರಟ ಮೇಟ್ರನಮ್ಮನಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಮುನ್ನೂರು ಬಿಲ್ಲೆಗಳೂ ಝಲ್ಲೆಂದವು, ಎಡಗಡೆಯವು ಸ್ವಲ್ಪ ತಡವಾಗಿ.