ಒತ್ತಿದರೆ ಒತ್ತು ಹೋಗುತ್ತದೆ

ಒತ್ತಕ್ಷರ ಅವಳ ಕೈಗೆ ಎಂದೆಂದಿಗೂ ಹತ್ತುವುದಿಲ್ಲ ಎಂದು ಮೊದಲು ಹೇಳಿದವರು ಅವಳ ದೊಡ್ಡಪ್ಪ. ಎರಡನೆಯವರು ಶಾಲೆಯ ಮೇಷ್ಟ್ರು. ಅವರು ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಮೂರನೇ ತರಗತಿಯಿಂದ ಅವಳನ್ನು ಮನೆಗೆ ಕಳಿಸುವಾಗ ಚೀಟಿಯಲ್ಲಿ ಬರೆದೂ ಕೊಟ್ಟರು: "ಈ ಹುಡುಗಿಗೆ ಅಕ್ಷರ ಬರುತ್ತದೆ, ಒತ್ತಕ್ಷರ ಬರುವುದಿಲ್ಲ." ಆ ಚೀಟಿ ಅವಳ ಹತ್ತಿರ ಇನ್ನೂ ಇದೆ. ಅದರಲ್ಲಿ ಷ ಒತ್ತು ಹಾಕಬೇಕಾದ ಕಡೆ ಮೇಷ್ಟ್ರು ಶ ಒತ್ತು ಹಾಕಿದ್ದಾರೆ.

ಅವಳು ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿ, ಪೊಟ್ಟಣ ಕಟ್ಟುವ ರದ್ದಿ ಕಾಗದದಲ್ಲೇ ಓದು ಕಲಿತಳು. ಇಪ್ಪತ್ತನೇ ವಯಸ್ಸಿಗೆ ನೂರಾರು ಕತೆಗಳ ನಡುವಿನ ಪುಟ ಓದಿದ್ದಳು, ಒಂದರ ಕೊನೆಯೂ ಗೊತ್ತಿರಲಿಲ್ಲ. ಒತ್ತಕ್ಷರ ಹೇಳಿಕೊಟ್ಟವನು ಪಕ್ಕದ ಮನೆಯ ನೇಕಾರಜ್ಜ. ಹೆಂಡತಿ ಮಕ್ಕಳಿಲ್ಲದ ಒಂಟಿ ಮನುಷ್ಯ, ಎರಡು ಮಗ್ಗ ಇಟ್ಟುಕೊಂಡಿದ್ದ. "ಮೇಲಿನ ಎಳೆ ಕಾಣೋದಕ್ಕೆ, ಕೆಳಗಿನ ಎಳೆ ಹಿಡಿಯೋದಕ್ಕೆ. ಕೆಳಗಿಂದು ಕಿತ್ತರೆ ಅದು ಬಟ್ಟೆ ಅಲ್ಲ, ದಾರ. ಒತ್ತೂ ಹಾಗೇ ಮಗಾ," ಎಂದು ಮಗ್ಗದ ಮುಂದೆ ಕೂರಿಸಿಕೊಂಡು ತೋರಿಸಿದ್ದ. ಅವನು ಅವಳನ್ನು ಕರೆಯುತ್ತಿದ್ದದ್ದೇ ಮಗಾ ಎಂದು.

ಮುಂದೆ ಅವಳು ಓದಿ ಓದಿಯೇ ಮೊಬೈಲ್ ರಿಪೇರಿ ಕಲಿತು, ನಗರ ಕಚೇರಿಯ ಎದುರು ಎಂಟಡಿ ಹತ್ತಡಿಯ ತಗಡಿನ ಮಳಿಗೆ ಬಾಡಿಗೆಗೆ ಹಿಡಿದಳು. ಫೋನು ತಂದವರ ಅರ್ಜಿಗಳಲ್ಲಿ ತಪ್ಪಿದ ಒತ್ತುಗಳನ್ನು ಕೇಳದಿದ್ದರೂ ತಿದ್ದಿ ಕೊಡುತ್ತಿದ್ದಳು. ಹಾಗಾಗಿ ಒತ್ತಕ್ಕ ಎಂಬ ಹೆಸರು ಬಂತು. ಹದಿನೆಂಟು ವರ್ಷ ದುಡಿದು ಆ ಮಳಿಗೆಯನ್ನೇ ಕೊಂಡು, ಹಕ್ಕುಪತ್ರಕ್ಕೆ ಅರ್ಜಿ ಹಾಕಿದಳು. ತೊಂಬತ್ತು ದಿನದೊಳಗೆ ಹಕ್ಕುಪತ್ರ ಕೈಗೆ ಬರದಿದ್ದರೆ ಮಳಿಗೆ ಕಚೇರಿಯ ವಶಕ್ಕೆ ಹೋಗುತ್ತದೆ ಎಂಬುದು ನಿಯಮ. ಹಕ್ಕುಪತ್ರ ಕೊಡಬೇಕಾದದ್ದೂ ಕಚೇರಿಯೇ ಆದ್ದರಿಂದ ಈ ನಿಯಮ ಅನುಕೂಲಕರವಾಗಿದೆ ಎಂದು ಎಲ್ಲರೂ ಒಪ್ಪಿದ್ದರು.

ಕಚೇರಿಯ ಪತ್ರಗಳೆಲ್ಲ ಒಂದೇ ಟ್ಯಾಬಿನಿಂದ ಹೊರಡುತ್ತಿದ್ದವು. ಮೇಲಿನ ಕಚೇರಿಯಿಂದ ಬಂದ ಆ ಟ್ಯಾಬಿನ ಅಕ್ಷರಗಳಿಗೆ ಒತ್ತೇ ಇರಲಿಲ್ಲ. ಅಕ್ಷರ ಬದಲಾಯಿಸಲು ಟ್ಯಾಬು ಬಿಡುತ್ತಿರಲಿಲ್ಲ. ಮನೆ ಮಾರಿದವನು ಬೀಗದ ಕೈ ಮಾತ್ರ ತನ್ನ ಜೇಬಿನಲ್ಲೇ ಇಟ್ಟುಕೊಂಡು ಹೋದ ಹಾಗೆ ಕಂಪನಿಯವರು ಮಾಡಿದ್ದರು. ಆ ಕೈಯನ್ನು ನಾವೇ ಮಾಡಿಕೊಳ್ಳುವುದಕ್ಕೆ ರೂಟ್ ಎನ್ನುತ್ತಾರೆ. ಅರ್ಜಿ ಹಾಕುವುದಕ್ಕೆ ಎರಡು ವರ್ಷ ಮುಂಚೆಯೇ ಒತ್ತಕ್ಕ ಹಳೆಯ ಗುಮಾಸ್ತರ ಮಾತಿನ ಮೇಲೆ ಟ್ಯಾಬನ್ನು ರೂಟ್ ಮಾಡಿ, ಒತ್ತಿರುವ ಅಕ್ಷರಗಳನ್ನು ಒಳಗೆ ಕೂರಿಸಿದಳು. ಅಂದಿನಿಂದ ಊರಿನ ಪತ್ರಗಳು ಸರಿಯಾದವು. ಇದಕ್ಕೆ ಅವಳು ಕಾಸು ಕೇಳಲಿಲ್ಲ, ಕಚೇರಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ತೊಂದರೆ ಇದ್ದದ್ದು ತಿಂಗಳಿಗೊಮ್ಮೆ ಬರುವ ಅಪ್‌ಡೇಟಿನಲ್ಲಿ. ಟ್ಯಾಬಿನ ಒಳಗೆ ಎರಡು ಕೋಣೆ. ನಾವು ಒಂದರಲ್ಲಿ ವಾಸವಿದ್ದಾಗ ಅಪ್‌ಡೇಟ್ ಇನ್ನೊಂದರಲ್ಲಿ ಹೊಸ ಸಾಮಾನು ಜೋಡಿಸಿ, "ಈಗಲೇ ಒತ್ತಿ" ಎಂಬ ಗುಂಡಿ ತೋರಿಸುತ್ತದೆ. ಒತ್ತಿದರೆ ಟ್ಯಾಬು ಒಮ್ಮೆ ಆರಿ, ಹೊಸ ಕೋಣೆಯಲ್ಲಿ ಕಣ್ಣು ಬಿಡುತ್ತದೆ. ಅಲ್ಲಿ ನಮ್ಮ ಕೈಯೂ ಇಲ್ಲ, ಒತ್ತೂ ಇಲ್ಲ. ಆದ್ದರಿಂದ ಅಪ್‌ಡೇಟ್ ಬರುವ ಮುಂಚೆ ಮನೆಯನ್ನು ಕಂಪನಿ ಕೊಟ್ಟ ಹಾಗೇ ಒಪ್ಪವಾಗಿಟ್ಟು, ಅದು ಬಂದು ಜೋಡಿಸಿ ಮುಗಿಸಿದ ಮೇಲೆ, ಗುಂಡಿ ಒತ್ತುವ ಮುಂಚೆ, ಹಳೆಯ ಕೋಣೆಯಿಂದಲೇ ಹೊಸ ಕೋಣೆಗೂ ಒಂದು ಕೈ ಮಾಡಿಡಬೇಕು. ಆಮೇಲೆ ಒತ್ತಿದರೆ ಅಡ್ಡಿಯಿಲ್ಲ. ಮಧ್ಯೆ ಯಾರಾದರೂ ಒತ್ತಿದರೆ ಕೆಟ್ಟಿತು. ಇದಕ್ಕಾಗಿ ಅವಳು ಟ್ಯಾಬಿನ ಮೇಲೆ ರಟ್ಟಿನ ಫಲಕ ಕಟ್ಟಿದ್ದಳು: "ಒತ್ತಬೇಡಿ. ಒತ್ತಿದರೆ ಒತ್ತು ಹೋಗುತ್ತದೆ."

ಎರಡು ವರ್ಷ ಯಾರೂ ಒತ್ತಲಿಲ್ಲ. ಆಮೇಲೆ ಹೊಸ ಮುಖ್ಯ ಅಧಿಕಾರಿ ಬಂದರು. ಕಚೇರಿಯಲ್ಲಿ ಬಿಟ್ಟಿ ಕೆಲಸ ನಡೆಯುತ್ತಿರುವುದು ಅವರ ಗಮನಕ್ಕೆ ಬಂತು. ಬಿಟ್ಟಿ ಕೆಲಸಕ್ಕೆ ಕಡತ ಇರುವುದಿಲ್ಲ, ಕಡತ ಇಲ್ಲದ್ದು ಅಕ್ರಮ. ಅವರು ಒತ್ತಕ್ಕನಿಂದ ಒಂದು ಮನವಿ ಬರೆಸಿಕೊಂಡರು: ಅಪ್‌ಡೇಟಿನ ಸಮಯದಲ್ಲಿ ಟ್ಯಾಬಿನ ರೂಟ್ ಉಳಿಸಿಕೊಳ್ಳಲು ಅನುಮತಿ ಕೋರಿ. ಭಾಷಾಂತರ ಶಾಖೆ ರೂಟ್ ಎಂಬುದನ್ನು ಬೇರು ಎಂದು ಮಾಡಿತು. ಬೇರಿನ ವಿಷಯವಾದ್ದರಿಂದ ಕಡತ ಉದ್ಯಾನ ವಿಭಾಗಕ್ಕೆ ಹೋಯಿತು. ಅಲ್ಲಿಂದ ಇಬ್ಬರು ಬಂದು ವರದಿ ಕೊಟ್ಟರು: "ಸದರಿ ಸಾಧನವನ್ನು ತಲೆಕೆಳಗು ಮಾಡಿ ಪರಿಶೀಲಿಸಲಾಯಿತು. ಯಾವುದೇ ಬೇರು ಕಂಡುಬರಲಿಲ್ಲ. ನೆರಳಿನಲ್ಲಿ ಇಟ್ಟಿರುವುದೇ ಕಾರಣವಿರಬಹುದು." ಬೇರೇ ಇಲ್ಲವೆಂದ ಮೇಲೆ ಅದನ್ನು ಉಳಿಸುವ ಕೆಲಸವೂ ಇರಲಾರದು ಎಂದು ಮುಖ್ಯ ಅಧಿಕಾರಿ ಷರಾ ಬರೆದು, ಇಲ್ಲದ ಆ ಕೆಲಸವನ್ನು ಮೂರು ವರ್ಷದ ಗುತ್ತಿಗೆಗೆ ತಮ್ಮ ಬಾಮೈದನಿಗೆ ಕೊಟ್ಟರು.

ಬಾಮೈದ ಒಳ್ಳೆಯವನು. ಟ್ಯಾಬಿನಲ್ಲಿ "ಈಗಲೇ ಒತ್ತಿ" ಎಂದಿತ್ತು, ರಟ್ಟಿನಲ್ಲಿ "ಒತ್ತಬೇಡಿ" ಎಂದಿತ್ತು. ರಟ್ಟಿಗಿಂತ ಟ್ಯಾಬು ದುಬಾರಿ ಎಂದು ಯೋಚಿಸಿ ಒತ್ತಿದ.

ಅಂದು ಮಧ್ಯಾಹ್ನ ಹೊರಟ ಮೊದಲ ಪ್ರಕಟಣೆ ಹೀಗಿತ್ತು: "ಅಜಿಯ ಜೊತೆಗೆ ಮೂರು ಪತಿ ಕಡಾಯ." ಅರ್ಜಿಯ ಜೊತೆಗೆ ಮೂರು ಪ್ರತಿ ಕಡ್ಡಾಯ ಎಂದು ಕೆಲವರು ಊಹಿಸಿದರು. ಊಹೆಗೆ ಕಚೇರಿಯಲ್ಲಿ ಬೆಲೆಯಿಲ್ಲ, ಮುದ್ರಿತವಾದದ್ದೇ ದಾಖಲೆ. ಮರುದಿನ ಜನ ತಮ್ಮ ತಮ್ಮ ಅಜ್ಜಿಯರನ್ನು ಕರೆದುಕೊಂಡು ಬಂದರು. ಒಬ್ಬರೇ ಪತಿ ಇದ್ದವರನ್ನು ಕೊರತೆಯ ಕಾರಣ ಹಿಂದಕ್ಕೆ ಕಳಿಸಲಾಯಿತು. ಗೇಟಿನ ಬಳಿಯ ಝೆರಾಕ್ಸ್ ಅಂಗಡಿಯವನು ಯಂತ್ರ ಮುಚ್ಚಿ, ತಾನೇ ಪತಿಯಾಗಿ ನಿಲ್ಲತೊಡಗಿದ. ಮೊದಲೂ ಪ್ರತಿ ಕೊಡುತ್ತಿದ್ದವನು ಅವನೇ ಆದ್ದರಿಂದ ಯಾರಿಗೂ ವಿಚಿತ್ರ ಅನಿಸಲಿಲ್ಲ. ಕತ್ತೆ ಕಳೆದುಕೊಂಡವನ ದೂರು "ಕತೆ ಕಳೆದಿದೆ" ಎಂದಾಗಿ ಗ್ರಂಥಾಲಯಕ್ಕೆ ಹೋಯಿತು. ಅವರು ಬೇರೆ ಕತೆ ಕೊಟ್ಟರು, ಅವನು ಅದರ ಮೇಲೆ ಇಟ್ಟಿಗೆ ಹೇರಲಾಗದೆ ನಿಂತ. ಮುಖ್ಯ ಅಧಿಕಾರಿ "ಮುಖ ಅಧಿಕಾರಿ" ಆದರು ಮತ್ತು ಅದಕ್ಕೆ ತಕ್ಕಂತೆ ಕ್ಷೌರ ಮಾಡಿಸಿಕೊಂಡರು.

ನೇಕಾರಜ್ಜ ಮಗ್ಗದ ಪರವಾನಗಿ ನವೀಕರಣಕ್ಕೆ ಕೊಟ್ಟಿದ್ದ. "ಎರಡು ಮಗ" ಎಂದು ಬಂತು. ಮಗ್ಗದ ಹೆಸರಿನಲ್ಲಿ ಈಗ ಏನೂ ಇಲ್ಲವಾದ್ದರಿಂದ ಮಗ್ಗದ ಕೋಣೆಗೆ ಬೀಗ ಮುದ್ರೆ ಬಿತ್ತು. ಮಕ್ಕಳಿಬ್ಬರೂ ಮೂವತ್ತು ವರ್ಷದಿಂದ ಶಾಲೆಗೆ ಬಂದಿಲ್ಲವೆಂದು ನೋಟಿಸೂ ಬಂತು. ತಿದ್ದುಪಡಿ ಕೇಳಲು ಹೋದ ಅಜ್ಜನಿಗೆ, ಜೀವಂತ ಇರುವ ಮಕ್ಕಳನ್ನು ತಿದ್ದಿ ಮಗ್ಗ ಮಾಡಲು ನಿಯಮದಲ್ಲಿ ಅವಕಾಶವಿಲ್ಲ, ಅದು ಮಾನವೀಯವೂ ಅಲ್ಲ ಎಂದು ತಿಳಿಹೇಳಿದರು.

ಒತ್ತಕ್ಕನ ಹಕ್ಕುಪತ್ರ ಅರವತ್ತನೇ ದಿನ ತಯಾರಾಯಿತು. "ಈ ಮಳಿಗೆಯು ಅರ್ಜಿದಾರರ ಸ್ವಂತ ಸ್ವತ್ತು" ಎಂದಿರಬೇಕಾದ ಕಡೆ "ಅಜಿದಾರರ ಸಂತ ಸತು" ಎಂದಿತ್ತು. ಗುಮಾಸ್ತರು ಅದನ್ನು ಕೈಗೆ ಕೊಡಲಿಲ್ಲ. ಸ್ಥಳ ತನಿಖೆ ಆಯಿತು. ಮಳಿಗೆಯ ತಗಡಿಗೆ ಸತು ಲೇಪನ ಇರುವುದು ಕಂಡುಬಂತು. ಅರ್ಧ ನಿಜವಾದ ಮೇಲೆ ಉಳಿದರ್ಧವೂ ನಿಜವೇ ಇರಬೇಕು ಎಂದು ತನಿಖಾಧಿಕಾರಿ ಬರೆದರು.

ಗುಮಾಸ್ತರು ಮರ್ಯಾದೆಯಿಂದಲೇ ಕೂರಿಸಿ ಮಾತಾಡಿದರು.

"ಒತ್ತಕ್ಕ, ಬೇಜಾರು ಮಾಡ್ಕೋಬೇಡಿ. ಸತು ಸರಿಹೋಯ್ತು. ಸಂತರು ಎಲ್ಲಿದಾರೆ ಅಂತ ಒಂದು ಹೇಳಿಬಿಟ್ಟರೆ ಮುಗೀತು."

"ಸಂತರು ಯಾರೂ ಇಲ್ಲ. ಅದು ಸ್ವಂತ. ಸ ಅಕ್ಷರಕ್ಕೆ ವ ಒತ್ತು."

"ಒತ್ತು ಸದ್ಯ ಕಚೇರಿಯಲ್ಲಿ ಲಭ್ಯ ಇಲ್ಲ."

"ಆ ಟ್ಯಾಬು ಒಂದು ಗಂಟೆ ಕೊಡಿ, ಲಭ್ಯ ಮಾಡ್ತೀನಿ."

"ಗುತ್ತಿಗೆ ಇರೋರು ಬಿಟ್ಟು ಬೇರೆಯವರು ಮುಟ್ಟೋ ಹಾಗಿಲ್ಲ. ಅವರೇ ಒಂದು ವ್ಯವಸ್ಥೆ ಮಾಡಿದಾರೆ, ವಿಚಾರಿಸಿ."

ಬಾಮೈದ ಮಾಡಿದ್ದ ವ್ಯವಸ್ಥೆ ಹಜಾರದ ತುದಿಯಲ್ಲಿತ್ತು. ಒತ್ತು ಮೊಹರು ಕೌಂಟರ್. ಮರದ ಪೆಟ್ಟಿಗೆಯಲ್ಲಿ ಒಂದೊಂದು ಒತ್ತಿಗೂ ಒಂದೊಂದು ರಬ್ಬರ್ ಮೊಹರು. ಶುಲ್ಕ ಕೊಟ್ಟರೆ ಪತ್ರದಲ್ಲಿ ಬೇಕಾದ ಅಕ್ಷರದ ಕೆಳಗೆ ಬೇಕಾದ ಒತ್ತು ಹೊಡೆದು ಕೊಡುತ್ತಿದ್ದ. ಅರ್ಕಾವತ್ತಿಗೆ ದುಪ್ಪಟ್ಟು ದರ, ಏಕೆಂದರೆ ಅದು ತನ್ನ ಜಾಗ ಬಿಟ್ಟು ಮುಂದಿನ ಅಕ್ಷರದ ಬಲಕ್ಕೆ ಹೋಗಿ ಕೂರುವುದರಿಂದ ಪ್ರಯಾಣ ಭತ್ಯೆ ಸೇರುತ್ತಿತ್ತು. ಜನ ಸಾಲುಗಟ್ಟಿ ಒತ್ತು ಕೊಳ್ಳುತ್ತಿದ್ದರು. ಸಾಲಿನಲ್ಲಿ ಅವಳ ದೊಡ್ಡಪ್ಪನೂ ಇದ್ದರು. ಅವರು ಈಗ ದೊಡಪ. ಅವಳನ್ನು ಕಂಡು ಬೇರೆ ಕಡೆ ನೋಡಿದರು.

"ಬನ್ನಿ ಅಕ್ಕಾ," ಎಂದ ಬಾಮೈದ. "ವ ಒತ್ತು ತಾನೆ? ಹೊಸ ಸರಕು, ಚೆನ್ನಾಗಿ ಬೀಳುತ್ತೆ."

"ನಾನು ಕಲಿತಿರೋ ಒತ್ತನ್ನ ನಾನೇ ಕೊಂಡುಕೊಳ್ಳಲ್ಲ."

"ನಿಮ್ಮಿಷ್ಟ. ಸಂತರ ಸ್ವತ್ತು ಕಡೆಗೆ ನನ್ನ ಉಸ್ತುವಾರಿಗೇ ಬರೋದು."

ಇದೂ ನಿಜವಾಗಿತ್ತು. ಊರಿನಲ್ಲಿ ಸ್ವಂತದ್ದೆಲ್ಲ ಸಂತದ್ದಾಗಿ ಹದಿನೇಳು ಮಳಿಗೆಗಳಾಗಿದ್ದವು. ಸಂತರು ಪತ್ತೆಯಾಗುವವರೆಗೆ ಅವುಗಳ ಬಾಡಿಗೆ ವಸೂಲಿಯ ಹೊಣೆಯನ್ನು ಬಾಮೈದ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿದ್ದ.

ಒತ್ತಕ್ಕ ದಿನ ಎಣಿಸಿದಳು. ಮೇಲಿನ ಕಚೇರಿಗೆ ಪತ್ರದ ಮೇಲೆ ಪತ್ರ ಬರೆದಳು. ಸಂಜೆ ಹೊತ್ತು ಮಳಿಗೆಯ ಮುಂದೆ ನೇಕಾರಜ್ಜ ಕೂತಿರುತ್ತಿದ್ದ, ಮಗ್ಗದ ಕೋಣೆಗೆ ಬೀಗ ಬಿದ್ದ ಮೇಲೆ ಅವನ ಕೈಗೆ ಬೇರೆ ಕೆಲಸವಿರಲಿಲ್ಲ. ಜೀವಂತ ಮಕ್ಕಳ ಕೆಳಗೆ ಗ ಒತ್ತು ಹೊಡೆಯಲು ಕೌಂಟರಿನಲ್ಲೂ ಒಪ್ಪಿರಲಿಲ್ಲ. ಗಂಡುಮಕ್ಕಳು ಹೇಗಿದ್ದಾರೆ ಅಜ್ಜಾ ಎಂದು ಜನ ರೇಗಿಸುತ್ತಿದ್ದರು. ಅವನು ಇಬ್ಬರಿಗೂ ಹೆಸರಿಟ್ಟಿದ್ದ, ಒತ್ತಿಲ್ಲದ ಹೆಸರು, ಮುಂದೆ ತೊಂದರೆಯಾಗಬಾರದೆಂದು.

"ನಿನ್ನನ್ನ ಸೇರಿಸಿಕೊಂಡರೆ ಮೂರು ಮಗಾ," ಎಂದು ನಗುತ್ತಿದ್ದ. "ಟ್ಯಾಬು ಸರಿಹೋದ ದಿನ ಅವರಿಬ್ಬರೂ ಮತ್ತೆ ಮಗ್ಗ ಆಗ್ತಾರೆ. ನೀನು ಮಾತ್ರ ಉಳೀತೀಯ."

ಎಂಬತ್ತೊಂಬತ್ತನೇ ದಿನ ಬೆಳಿಗ್ಗೆ ಕಚೇರಿಯಿಂದ ಕರೆ ಬಂತು. ಮುಖ ಅಧಿಕಾರಿಗಳ ಮುಖ ಬಾಡಿತ್ತು. ಎದುರಿನ ಕುರ್ಚಿ ತೋರಿಸಿದರು, ಬಾಗಿಲು ಹಾಕಿಸಿದರು.

"ನೋಡಮ್ಮ, ನಿಮ್ಮ ಪತ್ರ ಯಾರೋ ಓದಿಬಿಟ್ಟಿದಾರೆ. ನಾಳೆ ಬರೋ ಅಪ್‌ಡೇಟಲ್ಲಿ ಒತ್ತು ವಾಪಸ್ ಬರುತ್ತಂತೆ."

"ಒಳ್ಳೇದಾಯ್ತಲ್ಲ ಸಾರ್."

"ಏನು ಒಳ್ಳೇದು? ಮೊಹರು ಮಾಡಿಸಿದೀವಿ, ಕೌಂಟರ್ ಕಟ್ಟಿಸಿದೀವಿ, ಹದಿನೇಳು ಮಳಿಗೆ ಸಂತರ ಹೆಸರಿಗೆ ಹಾಕಿದೀವಿ. ಜನಾನೂ ಒಗ್ಗಿಕೊಂಡಿದಾರೆ. ಅಪ್‌ಡೇಟ್ ಬರಲಿ, ಬೇಡ ಅನ್ನೋಕೆ ನಾವ್ಯಾರು. ಆದರೆ ಒಳಗಡೆ ಎಲ್ಲ ಇದ್ದ ಹಾಗೇ ಇರಬೇಕು. ಇದ್ದದ್ದನ್ನ ಇದ್ದ ಹಾಗೆ ಉಳಿಸೋದು ಈ ಊರಲ್ಲಿ ಗೊತ್ತಿರೋದು ನಿಮಗೊಬ್ಬರಿಗೇ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒತ್ತು ಬರದ ಹಾಗೆ ನೋಡಿಕೊಳ್ಳಲು ರೂಟ್ ಬೇಕಾಗಿತ್ತು.

ಮುಖ ಅಧಿಕಾರಿ ಮೇಜಿನ ಮೇಲೆ ಅವಳ ಹಕ್ಕುಪತ್ರ ಹರಡಿದರು. ಮೊಹರಿನ ಪೆಟ್ಟಿಗೆ ಪಕ್ಕದಲ್ಲೇ ಇತ್ತು.

"ಶುಲ್ಕ ಬೇಡ. ನಾನೇ ಕೈಯಾರೆ ಹೊಡೆದು ಕೊಡ್ತೀನಿ. ಸ್ವಂತ."

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಆಮೇಲೆ ಕೇಳಿದಳು, "ನೇಕಾರಜ್ಜಂದು?"

"ಒಂದು ಕೆಲಸಕ್ಕೆ ಒಂದು ಒತ್ತು. ಅವನಿಗೆ ಕೊಟ್ಟರೆ ನಾಳೆ ಊರೇ ಬಂದು ನಿಲ್ಲುತ್ತೆ. ಹೇಳಿ, ನಿಮಗೆ ಹೊಡೀಲಾ, ಅವನಿಗೆ ಹೊಡೀಲಾ?"

ಕಿಟಕಿಯಿಂದ ಅವಳ ಮಳಿಗೆ ಕಾಣುತ್ತಿತ್ತು. ಮಳಿಗೆಯ ಮುಂದೆ ಅಜ್ಜನೂ ಕಾಣುತ್ತಿದ್ದ. ಹಾಗೆ ನೋಡಿದರೆ ಎರಡೂ ಒಂದೇ ಕಿಟಕಿಯಲ್ಲಿದ್ದವು, ಯಾವುದನ್ನು ನೋಡಿದಳು ಎಂದು ದಾಖಲಾಗಿಲ್ಲ.

"ನನಗೆ ಹೊಡೀರಿ," ಎಂದಳು.

ಮೊಹರು ಚೆನ್ನಾಗಿ ಬಿತ್ತು. ಸತು ಹಾಗೇ ಉಳಿಯಿತು, ಅದಕ್ಕೆ ಅವಳ ತಕರಾರಿರಲಿಲ್ಲ.

ಅವಳು ಹಿಂದೆಯೇ ತೆಗೆದಿದ್ದ ಟ್ಯಾಬಿನ ಹೊರಬಾಗಿಲ ಬೀಗವನ್ನು ಬಾಮೈದ ಮುಚ್ಚಿರಲಿಲ್ಲ, ಅಂಥದ್ದೊಂದು ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಟ್ಯಾಬನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಮತ್ತೆ ಕೈ ಮಾಡಿಕೊಂಡಳು. ಮರುದಿನ ಅಪ್‌ಡೇಟ್ ಬಂತು, ಎರಡನೇ ಕೋಣೆಯಲ್ಲಿ ಹೊಸ ಸಾಮಾನು ಜೋಡಿಸಿತು. ಒತ್ತುವ ಮುಂಚೆ ಅವಳು ಆ ಕೋಣೆಯ ಅಕ್ಷರಗಳನ್ನು ಒಮ್ಮೆ ತೆರೆದು ನೋಡಿದಳು. ಕ ಒತ್ತು, ತ ಒತ್ತು, ಅರ್ಕಾವತ್ತು, ಎಲ್ಲ ಬಂದಿದ್ದವು, ಅಂದವಾಗಿಯೇ ಇದ್ದವು. ಗ ಒತ್ತನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಎಲ್ಲವನ್ನೂ ತೆಗೆದು, ಹಳೆಯ ಅಕ್ಷರಗಳನ್ನು ಕೂರಿಸಿ, ಗುಂಡಿ ಒತ್ತಿದಳು.

ಈಗ ತಿಂಗಳಿಗೊಮ್ಮೆ ಈ ಕೆಲಸ ಯಾವ ಅಡೆತಡೆಯೂ ಇಲ್ಲದೆ ನಡೆಯುತ್ತಿದೆ. ಅದಕ್ಕೊಂದು ಕಡತವೂ ಇದೆ. ಉದ್ಯಾನ ವಿಭಾಗ ಮತ್ತೆ ಬಂದು ನೋಡಿ, ಬೇರು ಚಿಗುರಿದೆ ಎಂದು ಬರೆದುಕೊಟ್ಟಿದೆ. ಅಜ್ಜಿಯರು ಮೂವರು ಪತಿಗಳ ಜೊತೆ ಸಾಲಿನಲ್ಲಿ ಶಿಸ್ತಾಗಿ ನಿಲ್ಲುತ್ತಾರೆ. ಅವಳಿಗೆ ಒತ್ತಕ್ಷರ ಬರುವುದಿಲ್ಲ ಎಂದವರಿಗೆಲ್ಲ ಈಗ ಒತ್ತಕ್ಷರ ಬರುವುದಿಲ್ಲ. ಬೇಕಾದರೆ ಕೌಂಟರಿನಲ್ಲಿ ಕೊಳ್ಳುತ್ತಾರೆ.

ಅವಳ ಹತ್ತಿರ ಇರುವುದು ಎಂಟಡಿ ಹತ್ತಡಿಯ ಒಂದು ಮಳಿಗೆ, ಸ್ವಂತದ್ದು. ಊರಿನಲ್ಲಿ ಬಿಟ್ಟಿಯಾಗಿ ಬಿದ್ದ ಒಂದೇ ಒಂದು ವ ಒತ್ತು, ಹಕ್ಕುಪತ್ರದ ಸಮೇತ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದೆ. ಮೇಷ್ಟ್ರ ಚೀಟಿ, ಅದರ ಪಕ್ಕದಲ್ಲಿ. ಕಚೇರಿಯ ಟ್ಯಾಬಿನ ಬೀಗದ ಕೈ. ಇಷ್ಟಕ್ಕೂ ಆದ ಖರ್ಚು ಎರಡು ಮಗ್ಗ. ನೇಕಾರಜ್ಜ ಈಗಲೂ ಆ ದಾರಿಯಲ್ಲಿ ಹೋಗುತ್ತಾನೆ, ಕಂಡರೆ ನಿಂತು ಮಾತಾಡಿಸುತ್ತಾನೆ. ಮಗಾ ಎನ್ನುವುದಿಲ್ಲ, ಮೇಡಂ ಎನ್ನುತ್ತಾನೆ. ಆ ಪದದಲ್ಲಿ ಒತ್ತೇನೂ ಇಲ್ಲ, ಆದ್ದರಿಂದ ಅದರಲ್ಲಿ ತಿದ್ದುವುದಕ್ಕೆ ಅವಳಿಗೆ ಏನೂ ಸಿಗುವುದಿಲ್ಲ.