ಒಡೆದ ಬಸ್‌ಸ್ಟ್ಯಾಂಡಿಗೆ ನಾನೇ ಉಸ್ತುವಾರಿ

ಹೊನ್ನಾಳಿ ದಾಟಿ ದಾವಣಗೆರೆ ಕಡೆಗೆ ಬಂದರೆ ಸಿಗುವ ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಂಟ್ರೋಲರ್. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, "ಚನ್ನಗಿರಿ ಬಸ್ ಎಷ್ಟೊತ್ತಿಗ್ರೀ?" ಎಂದು ಕೇಳಿದವರಿಗೆ "ಬರ್ತೈತೆ" ಎನ್ನುವುದು ನನ್ನ ಕೆಲಸ.

ಹಳೇ ಕಟ್ಟಡದ ಸೂರು ಜನರ ತಲೆ ಮೇಲೆ ಉದುರಲು ಶುರುವಾದ ಮೇಲೆ, ಅದನ್ನು ಒಡೆದು ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಆದರೆ ಬಸ್ಸು ನಿಲ್ಲಿಸಲು ಊರಲ್ಲಿ ಬೇರೆ ಜಾಗವಿಲ್ಲ. ಒಂದು ಕಡೆ ಒಡೆಯಬೇಕು, ಇನ್ನೊಂದು ಕಡೆ ಬಸ್ಸು ಓಡಬೇಕು. ಮ್ಯಾನೇಜರ್ ಸಾಹೇಬರು ನಮ್ಮನ್ನೆಲ್ಲ ಕೂರಿಸಿಕೊಂಡು, "ದೊಡ್ಡ ದೊಡ್ಡ ವಿಮಾನ ನಿಲ್ದಾಣಗಳನ್ನೇ ಒಂದು ವಿಮಾನವನ್ನೂ ನಿಲ್ಲಿಸದೆ ಒಡೆದು ಕಟ್ತಾರೆ ಕಣ್ರೀ. ನಮ್ಮದೇನು ಮಹಾ? ಯಾರು ಉಸ್ತುವಾರಿ ತಗೋತೀರಿ?" ಎಂದರು.

ಎಲ್ಲರೂ ನೆಲ ನೋಡಿದರು. ನಾನು ಕೈ ಎತ್ತಿದೆ!

ಸಂಜೆ ಮನೆಗೆ ಬಂದು ಹೆಂಡತಿ ಪುಷ್ಪಾಗೆ ಹೇಳಿದೆ. "ವಿಮಾನ ನಿಲ್ದಾಣದ ಥರ ನಡೆಸ್ತೀನಿ ನೋಡು. ನಿನ್ನ ತಮ್ಮನ್ನ ಬಿಡಾಕೆ ಹೋದಾಗ ಎಲ್ಲ ನೋಡಿದೀನಿ."

"ಏನು ನೋಡಿದ್ರಿ? ಗಾಜಿನ ಬಾಗಿಲಿಂದ ಒಳಗೇ ಬಿಡಲಿಲ್ಲ ನಿಮ್ಮನ್ನ."

"ಹೊರಗಿಂದಲೇ ಎಲ್ಲ ಕಾಣ್ತಿತ್ತು ಕಣೇ."

ಮೊದಲ ದಿನ ನಸುಕಿನಲ್ಲೇ ಹೋಗಿ ನೆಲದ ಮೇಲೆ ಸುಣ್ಣದ ಪುಡಿಯಿಂದ ನಾಲ್ಕು ಅಂಕಣ ಎಳೆದೆ. ಒಂದು ಹೊನ್ನಾಳಿ, ಎರಡು ಚನ್ನಗಿರಿ, ಮೂರು ನ್ಯಾಮತಿ–ಸವಳಂಗ, ನಾಲ್ಕು ಜಗಳೂರು. ದೂರ ನಿಂತು ನೋಡಿದೆ. ಎಷ್ಟು ಶಿಸ್ತು! ಎಷ್ಟು ಅಂದ! ಎಂಟು ಗಂಟೆಗೆ ಜೆಸಿಬಿ ಬಂದು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ಹತ್ತು ಗಂಟೆಯ ಹೊತ್ತಿಗೆ ನನ್ನ ಅಂಕಣ ಪ್ರಯಾಣಿಕರ ಪಂಚೆಗಳ ಮೇಲೆ ಮಾತ್ರ ಉಳಿದಿತ್ತು.

ಎರಡನೇ ದಿನ ತಗಡಿನ ಬೋರ್ಡು ಬರೆಸಿ ಕಂಬಕ್ಕೆ ಕಟ್ಟಿಸಿದೆ. ಮಧ್ಯಾಹ್ನ ಕಂಬವನ್ನೇ ಕಿತ್ತರು. ಬೋರ್ಡು ಹುಡುಕಿದರೆ, ಚನ್ನಗಿರಿಯ ಮೇಲೆ ಆಳುಗಳು ಸಿಮೆಂಟು ಕಲಸುತ್ತಿದ್ದರು! ಮೂರನೇ ದಿನ ಬಸ್ಸು ನಿಲ್ಲುವ ಜಾಗವನ್ನು ಮೂರು ಸಲ ಬದಲಿಸಿದೆ. ಸವಳಂಗಕ್ಕೆ ಹೋಗಬೇಕಾದ ಅಜ್ಜಿಯೊಬ್ಬರು ಚೀಲ ಹೊತ್ತು ನನ್ನ ಹಿಂದೆಯೇ ಮೂರೂ ಕಡೆ ನಡೆದು, ಕೊನೆಗೆ, "ಯಪ್ಪಾ, ಇಷ್ಟೊತ್ತಿಗೆ ನಡಕೊಂಡೇ ನ್ಯಾಮತಿ ಸೇರ್ತಿದ್ದೆ" ಎಂದರು. ಚಹಾ ಅಂಗಡಿಯ ಖಾಸಿಂ ಸಾಬ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಅಲ್ಲಿಯತನಕ ಎಲ್ಲ ನಗುವಂಥದ್ದೇ ಇತ್ತು.

ನಾಲ್ಕನೇ ದಿನ ಬೆಳಿಗ್ಗೆ ಕಟ್ಟಡದ ಮೇಸ್ತ್ರಿ ಬಂದು, "ಸಾರ್, ಮಣ್ಣು ಹೊರಾಕೆ ಹೊಸ ಆಳುಗಳು ಬರ್ತಾರೆ. ಯಾರಾದ್ರೂ ಬಂದು ಕೇಳಿದ್ರೆ ಹಿಂದಕ್ಕೆ, ಪಾಯದ ಗುಂಡಿ ಹತ್ರ ಕಳಿಸ್ರಿ, ಮಣ್ಣಿನ ಗಾಡಿ ಅಲ್ಲಿಗೇ ಬರ್ತೈತೆ" ಎಂದು ಹೇಳಿ ಹೋದ. ಆಗಲಿ ಎಂದೆ. ಎಲ್ಲ ಜವಾಬ್ದಾರಿಯೂ ನನ್ನದೇ ತಾನೆ!

ಹತ್ತು ಗಂಟೆ ಆಗಿತ್ತು. ನನ್ನ ಬೆನ್ನ ಹಿಂದೆ ಜೆಸಿಬಿ ಗೋಡೆ ಕೆಡವುತ್ತಿತ್ತು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಪುಸ್ತಕ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಆಕೆಯ ಗಂಡ ಬಂದು ಮುಂದೆ ನಿಂತರು. ಹೆಂಗಸು ಏನೋ ಹೇಳಿದಳು. ಗೋಡೆ ಬಿದ್ದ ಸದ್ದಿನಲ್ಲಿ ನನಗೆ ಕೇಳಿಸಿದ್ದು ಇಷ್ಟೇ: "...ಮಣ್ಣಿಗೆ ಬಂದೀವಿ ಸಾಹೇಬ್ರೆ. ಎಲ್ಲಿ ನಿಲ್ಲಬೇಕು?"

"ಮಣ್ಣಿಗಾ? ಹಿಂದಗಡೆ ಹೋಗ್ರಿ. ಗುಂಡಿ ಹತ್ರ ಕೂತಿರ್ರಿ. ಗಾಡಿ ಅಲ್ಲಿಗೇ ಬರ್ತೈತೆ."

ಅವಳ ಕೈಯಲ್ಲೊಂದು ಬಟ್ಟೆಯ ಗಂಟಿತ್ತು. ಬುತ್ತಿ ಕಟ್ಟಿಕೊಂಡು ಬಂದಿದ್ದಾರೆ, ಒಳ್ಳೇ ಆಳುಗಳು ಎಂದುಕೊಂಡೆ.

ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಹೂಳಲು ಹೋಗುವುದು. ಇದು ನನಗೆ ಗೊತ್ತಿಲ್ಲದ ಮಾತೇನಲ್ಲ. ನನ್ನ ಅಪ್ಪನ ಮಣ್ಣಿಗೆ ಬಂದವರಿಗೆಲ್ಲ ನಾನೇ ಕೈ ಮುಗಿದಿದ್ದೆ. ಆದರೆ ಆ ಹೊತ್ತಿನಲ್ಲಿ ನಾನು ಮನುಷ್ಯನಾಗಿರಲಿಲ್ಲ, ಉಸ್ತುವಾರಿಯಾಗಿದ್ದೆ.

ಹನ್ನೊಂದು ಗಂಟೆಗೆ ದಾವಣಗೆರೆ ಮೇಲೆ ಜಗಳೂರಿಗೆ ಹೋಗುವ ಬಸ್ಸು ಬಂತು. ಮೈಕಿನಲ್ಲಿ ನನ್ನ ವಿಮಾನ ನಿಲ್ದಾಣದ ದನಿ ತೆಗೆದೆ. "ಮಾನ್ಯ ಪ್ರಯಾಣಿಕರ ಗಮನಕ್ಕೆ! ಬಿಳಿಚೋಡು, ಜಗಳೂರು ಕಡೆಗೆ ಪ್ರಯಾಣ ಬೆಳೆಸುವವರಿಗೆ ಇದು ಅಂತಿಮ ಕರೆ!" ಹಿಂದೆ ಜೆಸಿಬಿಯ ಮಗ್ಗುಲಲ್ಲಿ ಕೂತವರಿಗೆ ಅಂತಿಮ ಕರೆಯೂ ಕೇಳಿಸಲಿಲ್ಲ, ಮೊದಲ ಕರೆಯೂ ಕೇಳಿಸಲಿಲ್ಲ. ಬಸ್ಸು ಹೊರಟಿತು. ಸಮಯಕ್ಕೆ ಸರಿಯಾಗಿ! ಪುಸ್ತಕದಲ್ಲಿ ಖುಷಿಯಿಂದ ಬರೆದುಕೊಂಡೆ.

ಹನ್ನೆರಡಕ್ಕೆ ಮೇಸ್ತ್ರಿ ಓಡಿ ಬಂದ. ಮುಖ ಬಿಳುಚಿಕೊಂಡಿತ್ತು.

"ಸಾರ್, ಯಾರನ್ನ ಕಳಿಸೀರಿ? ಬುಟ್ಟಿ ಕೊಟ್ಟರೆ ಆಯಮ್ಮ ಅಳಾಕೆ ಹತ್ತೈತೆ. ಬಿಳಿಚೋಡಲ್ಲಿ ಅವರಪ್ಪ ತೀರಿಕೊಂಡೈತಂತೆ. ಎರಡು ಗಂಟೆಗೆ ಮಣ್ಣಂತೆ!"

ಮೈಕು ಕೈಯಲ್ಲೇ ಇತ್ತು. ನನ್ನ "ಅಯ್ಯೋ" ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿಸಿತು.

ಹಿಂದೆ ಹೋದೆ. ಸವಳಂಗದಿಂದ ಬಂದಿದ್ದ ಆ ಹೆಂಗಸು, ಹಾಲಮ್ಮ, ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಖಾಲಿ ಬುಟ್ಟಿ. ಗಂಟು ಬಿಚ್ಚಿಕೊಂಡಿತ್ತು, ಒಳಗೆ ಅಪ್ಪನ ಮೇಲೆ ಹೊದಿಸಲು ತಂದ ಹೊಸ ಬಿಳಿ ಬಟ್ಟೆ, ಒಂದು ಹೂವಿನ ಹಾರ. ಗಂಡ ತಿಪ್ಪೇಶಪ್ಪ ಎದ್ದು ನಿಂತು, "ದಿನಾ ಬಸ್ ನಿಲ್ಲೋ ಜಾಗ ಬದಲಾಗ್ತೈತೆ ಅಂದ್ರು ಸಾಹೇಬ್ರೆ. ನೀವೇ ಹೇಳೀರಲ್ಲ, ಗಾಡಿ ಇಲ್ಲಿಗೇ ಬರ್ತೈತೆ ಅಂತ. ಅದಕ್ಕೇ ಕದಲಲಿಲ್ಲ" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಜಗಳೂರು ಬಸ್ಸು ಮೂರಕ್ಕೆ. ದಾವಣಗೆರೆಗೆ ಹೋಗಿ ಬಸ್ಸು ಬದಲಿಸಿದರೂ ಎರಡರೊಳಗೆ ಮುಟ್ಟುವಂತಿರಲಿಲ್ಲ. ಊರಲ್ಲಿದ್ದ ಎರಡು ಬಾಡಿಗೆ ಕಾರೂ ಮದುವೆಗೆ ಹೋಗಿದ್ದವು. ಆಗ ಕಣ್ಣಿಗೆ ಬಿದ್ದದ್ದು ಸಿಮೆಂಟು ಇಳಿಸಿ ನಿಂತಿದ್ದ ಲಗೇಜ್ ಗಾಡಿ. ಡ್ರೈವರನ ಕೈ ಹಿಡಿದು ಬೇಡಿಕೊಂಡೆ. ಮುಂದೆ ಅವನ ಪಕ್ಕ ಹಾಲಮ್ಮನನ್ನು ಕೂರಿಸಿ, ಹಿಂದೆ ನಾನೂ ತಿಪ್ಪೇಶಪ್ಪನೂ ಹತ್ತಿದೆವು. ಪುಸ್ತಕ, ಮೈಕು ಎರಡನ್ನೂ ಖಾಸಿಂ ಸಾಬನ ಕೈಗೆ ತುರುಕಿದೆ.

"ನಾನೇನು ಮಾಡ್ಲಿ ಸಾರ್ ಇದನ್ನ?"

"ಏನೂ ಮಾಡಬೇಡ!"

ಗಾಡಿ ವೇಗ ಹಿಡಿದಂತೆ ತಳದಲ್ಲಿದ್ದ ಸಿಮೆಂಟು ಪುಡಿ ಎದ್ದಿತು. ಕಣ್ಣು ಮುಚ್ಚಿಕೊಂಡು ಕೂತೆವು. ತಿಪ್ಪೇಶಪ್ಪನ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಹಾಲಮ್ಮನ ಅಣ್ಣ. ಮೊದಲ ಸಲ, "ಎಲ್ಲಿದೀರಿ?" ಎರಡನೇ ಸಲ, "ಕಾಯ್ತೀವಿ, ಜಲ್ದಿ ಬರ್ರಿ." ದಾವಣಗೆರೆಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಅದು ತೆಗೆದು ಹತ್ತು ಮೈಲಿ ಹೋಗುವುದರೊಳಗೆ ಟಯರು ಪಂಕ್ಚರ್! ಟಯರಿನ ತಿರುಪು ನಾನೇ ಬಿಚ್ಚುತ್ತೇನೆಂದು ಹೋಗಿ, ಬಿಚ್ಚಿದ ನಾಲ್ಕರಲ್ಲಿ ಒಂದನ್ನು ಚರಂಡಿಗೆ ಬೀಳಿಸಿದೆ. ಅದನ್ನು ಹುಡುಕಲು ಕಾಲು ಗಂಟೆ. ಡ್ರೈವರ್ ಕೈ ಮುಗಿದು, "ನೀವು ಸುಮ್ನೆ ಕೂತ್ಕೊಳ್ರಿ ಸಾರ್" ಎಂದ. ಮೂರನೇ ಸಲ ಫೋನು ಬಂದಾಗ ತಿಪ್ಪೇಶಪ್ಪ ಕೇಳಿಸಿಕೊಂಡು ಜೇಬಿಗಿಟ್ಟುಕೊಂಡ. ನಿನ್ನೆ ಬೆಳಿಗ್ಗೆ ಹೋದ ಜೀವ, ಇನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದಿದ್ದರಂತೆ. ಅವನು ಹೆಂಡತಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಾವು ಬಿಳಿಚೋಡು ಸೇರಿದಾಗ ಮೂರು ದಾಟಿತ್ತು. ಗುಂಡಿ ಮುಚ್ಚಿ, ಇಬ್ಬರು ಗುದ್ದಲಿಯ ಬೆನ್ನಿನಿಂದ ಮೇಲೆ ತಟ್ಟುತ್ತಿದ್ದರು. ಮೈತುಂಬ ಬೂದಿ ಬಣ್ಣವಾಗಿ ಗಾಡಿಯಿಂದಿಳಿದ ನಮ್ಮಿಬ್ಬರನ್ನು ನೋಡಿ ಮಕ್ಕಳು ಹೆದರಿ ತಾಯಂದಿರ ಸೆರಗು ಹಿಡಿದವು. ಹಾಲಮ್ಮ ಕೂಗಾಡಲಿಲ್ಲ. ಹೋಗಿ ಮಣ್ಣಿನ ಮೇಲೆ ಆ ಬಿಳಿ ಬಟ್ಟೆ ಹಾಸಿದಳು, ಮೂಲೆಗಳನ್ನು ಕೈಯಿಂದ ಸರಿ ಮಾಡಿದಳು, ಬಾಡಿದ ಹಾರ ಇಟ್ಟಳು. ಮುಖ ಎಲ್ಲಿರಬಹುದೆಂದು ಅಣ್ಣನನ್ನು ಕೇಳಿದಳು. ಅವನು ತೋರಿಸಿದ. ಅಲ್ಲಿ ಕೈಯಿಟ್ಟು ಬಹಳ ಹೊತ್ತು ಕೂತಳು.

ನನಗೆ ಅಳು ತಡೆಯಲಾಗಲಿಲ್ಲ. ಹಿರಿಯರೊಬ್ಬರು ಹೆಗಲ ಮೇಲೆ ಕೈ ಹಾಕಿ, "ನೀವು ತೀರಿಹೋದೋರಿಗೆ ಏನಾಗಬೇಕು?" ಎಂದರು. ಏನು ಹೇಳಲಿ? ಮಗಳನ್ನು ಎರಡು ತಾಸು ಬೇರೆ ಗುಂಡಿಯ ಮುಂದೆ ಕೂರಿಸಿದವನು ಎನ್ನಲೇ? "ಬಸ್‌ಸ್ಟ್ಯಾಂಡಿನಲ್ಲಿ ಪರಿಚಯ" ಎಂದೆ.

ಹೊರಡುವಾಗ ಹಾಲಮ್ಮನ ಮುಂದೆ ಕೈ ಮುಗಿದೆ. "ತಂಗೀ, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನೂ ಗಟ್ಟಿಯಾಗಿ ಹೇಳಲಿಲ್ಲ ಬಿಡಣ್ಣ. ಅಪ್ಪ ಸತ್ತೈತೆ ಅಂತ ಅಷ್ಟು ಜನದ ನಡುವೆ ಹೆಂಗೆ ಕೂಗಿ ಹೇಳಲಿ?"

ಬರುವಾಗ ಅದೇ ಗಾಡಿಯ ಮುಂದಿನ ಸೀಟಿನಲ್ಲಿ ಕೂತೆ. ಬಸ್‌ಸ್ಟ್ಯಾಂಡಿನಲ್ಲಿ ದೊಂಬಿಯೇ ಆಗಿರುತ್ತದೆ, ಮ್ಯಾನೇಜರ್ ಸಾಹೇಬರು ಅಮಾನತ್ತಿನ ಪತ್ರ ಹಿಡಿದು ಕಾಯುತ್ತಿರುತ್ತಾರೆ ಎಂದುಕೊಂಡು ಇಳಿದೆ. ಆಗಬೇಕಾದ್ದೇ ಅನ್ನಿಸಿತ್ತು.

ಯಾರೂ ಕಾಯುತ್ತಿರಲಿಲ್ಲ. ಸಂಜೆಯ ಹೊನ್ನಾಳಿ ಬಸ್ಸು ಜನ ತುಂಬಿಕೊಂಡು ತಣ್ಣಗೆ ಹೊರಟಿತ್ತು. ಖಾಸಿಂ ಸಾಬ್ ಪುಸ್ತಕವನ್ನೂ ಮೈಕನ್ನೂ ಮೇಜಿನ ಕೆಳಗಿಂದ ತೆಗೆದುಕೊಟ್ಟ.

"ಏನಾದ್ರೂ ತೊಂದರೆ ಆಯ್ತಾ?" ಎಂದೆ, ಹೆದರುತ್ತಾ.

"ಇಲ್ಲ ಸಾರ್. ಬಸ್ ಬರ್ತಿದ್ವು, ಜನ ಕಂಡಕ್ಟರನ್ನೇ ಕೇಳಿ ಹತ್ತುತಿದ್ರು. ಒಬ್ಬರಿಗೂ ಬಸ್ ತಪ್ಪಲಿಲ್ಲ." ಒಂದು ಲೋಟ ಚಹಾ ಮುಂದಿಟ್ಟು, ನನ್ನ ಸಿಮೆಂಟು ಮೆತ್ತಿದ ಮುಖ ನೋಡಿದ. ಒಳ್ಳೆಯ ಮನುಷ್ಯ, ಕುಹಕ ಅರಿಯದವನು. ಮೆಲ್ಲಗೆ ಕೇಳಿದ:

"ನಾಳೆನೂ ಎಲ್ಲಿಗಾದ್ರೂ ಹೋಗೋದೈತಾ ಸಾರ್?"